ಸಂಪತ್ತಿನ ನೀತಿ, ಮತದ ಹಕ್ಕು, ಮಾತಿನ ಸ್ವಾತಂತ್ರ್ಯ: ಬೈಲಹೊಂಗಲ ಸೀಮೆಯ ಸಂಪ್ರದಾಯಶೀಲ ಚಿಂತನೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳು ಮಲಪ್ರಭೆಯ ಆಸುಪಾಸಿನ ಸೀಮೆ. ಹತ್ತಿ, ಜೋಳ, ಕಬ್ಬು ಇಲ್ಲಿನ ಬೆಳೆ. ದೇಸಗತಿ ಎಂಬ ದೇಸಾಯಿಗಳ ಒಡೆತನ, ಮಠ, ಪೇಟೆ ಈ ಮೂರೂ ಇಲ್ಲಿನ ಹಳೆಯ ಸಂಸ್ಥೆಗಳು. ಆಸ್ತಿಯನ್ನು ಹೇಗೆ ಗಳಿಸಬೇಕು, ಯಾರು ಮತ ಹಾಕಬೇಕು, ಯಾರು ಏನು ಮಾತಾಡಬಹುದು ಎಂಬ ಮೂರು ಪ್ರಶ್ನೆಗಳಿಗೆ ಸಂಪ್ರದಾಯಶೀಲರು ಕೊಟ್ಟ ಉತ್ತರಗಳನ್ನು ಈ ಸೀಮೆಯ ಇತಿಹಾಸದಲ್ಲಿ ಇನ್ನೂರು ವರ್ಷಗಳ ಉದ್ದಕ್ಕೂ ಹಿಂಬಾಲಿಸಿ ನೋಡಬಹುದು.

ಸಂಪ್ರದಾಯಶೀಲತೆ ಎಂಬುದನ್ನು ಇಲ್ಲಿ ಒಂದು ಪಕ್ಷದ ಹೆಸರಾಗಿ ಬಳಸಿಲ್ಲ. ಹಿರಿಯರಿಂದ ಬಂದ ಆಸ್ತಿ, ಸ್ಥಾನ, ನಂಬಿಕೆಗಳಿಗೆ ಬೆಲೆಯಿದೆ. ಪಡೆದವರಿಗೆ ಹೊಣೆಯೂ ಇದೆ. ಸರಕಾರ ಅವನ್ನು ಒಂದೇ ಏಟಿಗೆ ಕಿತ್ತುಹಾಕಬಾರದು ಎಂಬ ನಿಲುವಿಗೆ ಆ ಹೆಸರು. ಹಕ್ಕು ಹೊಣೆಯ ಜೊತೆಗೇ ಬರಬೇಕು ಎಂಬ ಷರತ್ತು ಅದರ ತಿರುಳು. ಆ ಷರತ್ತನ್ನು ಸಂಪತ್ತಿಗೆ ಹಾಕಿದಾಗ ಈ ಸೀಮೆಯಲ್ಲಿ ಶಾಲೆಗಳೂ ಪ್ರಸಾದನಿಲಯಗಳೂ ಹುಟ್ಟಿದವು. ಮತಕ್ಕೆ ಹಾಕಿದಾಗ ದುಡಿಯುವ ಬಹುಜನ ಹೊರಗುಳಿದರು. ಮಾತಿಗೆ ಹಾಕಿದಾಗ ಪುಸ್ತಕಗಳು ಮುಟ್ಟುಗೋಲಾದವು. ಒಂದೇ ಬೀಜದಿಂದ ಬಂದ ಈ ಮೂರು ಫಲಗಳನ್ನು ಬೇರೆಬೇರೆಯಾಗಿ ಅಳೆಯುವುದು ನ್ಯಾಯ.

ಕಿತ್ತೂರಿನಿಂದ ಸುರೇಬಾನದವರೆಗೆ

ಆಧುನಿಕ ಸಂಪ್ರದಾಯಶೀಲ ಚಿಂತನೆಯ ಮೂಲಪುರುಷನೆಂದು ಹೆಸರಾದ ಎಡ್ಮಂಡ್ ಬರ್ಕ್ ಫ್ರಾನ್ಸಿನ ಕ್ರಾಂತಿಯನ್ನು ವಿರೋಧಿಸಿ 1790ರಲ್ಲಿ ಬರೆದ ಪುಸ್ತಕ ಎಲ್ಲರಿಗೂ ಗೊತ್ತು. ಅದೇ ಬರ್ಕ್ ವಾರನ್ ಹೇಸ್ಟಿಂಗ್ಸನ ಮೇಲೆ ಬ್ರಿಟಿಷ್ ಸಂಸತ್ತಿನಲ್ಲಿ ಮಹಾಭಿಯೋಗ ಹೂಡಿ, 1788ರಿಂದ 1795ರವರೆಗೆ ನಡೆದ ವಿಚಾರಣೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ವಾದಿಸಿದ್ದು ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಲಾಭವೊಂದನ್ನೇ ಗುರಿಯಾಗಿಟ್ಟ ವ್ಯಾಪಾರಿ ಸಂಸ್ಥೆ ಭಾರತದ ಹಳೆಯ ಮನೆತನಗಳನ್ನೂ ಅವರ ಕಾನೂನುಗಳನ್ನೂ ತುಳಿಯಿತು ಎಂಬುದು ಅವನ ಆರೋಪ. ಹೇಸ್ಟಿಂಗ್ಸ್ ಬಿಡುಗಡೆಯಾದ. ಬರ್ಕ್ ತೀರಿಕೊಂಡು ಮೂರು ದಶಕ ತುಂಬುವ ಮುಂಚೆಯೇ ಅವನು ದೂರಿದ ನಡವಳಿಕೆ ಕಿತ್ತೂರಿನ ಬಾಗಿಲಿಗೆ ಬಂತು.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಕಾವಲು ಹಾಕಿದ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಅವನು ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಸೆರೆಯಾದ ರಾಣಿ ಚೆನ್ನಮ್ಮ 1829ರ ಫೆಬ್ರುವರಿಯಲ್ಲಿ ಬೈಲಹೊಂಗಲದಲ್ಲಿ ಕೊನೆಯುಸಿರೆಳೆದರು. ಅವರ ಸಮಾಧಿ ಅಲ್ಲಿಯೇ ಇದೆ. ಸ್ವಾತಂತ್ರ್ಯದ ಮೊದಲ ಕಿಡಿ ಎಂದು ನಾವು ಓದುವ ಈ ಕಥೆಯ ಒಳಗೆ ಇನ್ನೊಂದು ವಾದವೂ ಇದೆ. ದತ್ತಕ ಎಂಬುದು ಹಳೆಯ ಕಾನೂನು, ಮನೆತನದ ಆಸ್ತಿ ಮನೆತನಕ್ಕೆ ಸೇರಿದ್ದು, ಪರರ ಸರಕಾರ ತನ್ನ ಲಾಭಕ್ಕಾಗಿ ಅದನ್ನು ಮುರಿಯಬಾರದು ಎಂದು ಚೆನ್ನಮ್ಮ ಹಿಡಿದ ಪಟ್ಟು ಅಕ್ಷರಶಃ ಸಂಪ್ರದಾಯಶೀಲ ಪಟ್ಟು. ಸಂಗೊಳ್ಳಿ ರಾಯಣ್ಣ ಆ ಪಟ್ಟನ್ನು ಅರಮನೆಯಿಂದ ಹೊಲಕ್ಕೆ ಇಳಿಸಿದ. ಅವನು ಊರ ಕಾವಲಿಗಾಗಿ ಭೂಮಿ ಪಡೆದ ಶೇತಸನದಿ. ಅಂಥ ಭೂಮಿಗಳ ಮೇಲೆ ಕಂಪನಿಯ ಕಣ್ಣು ಬಿದ್ದಾಗ ಅವನ ಜೊತೆ ನಿಂತವರು ಸಣ್ಣ ಹಿಡುವಳಿಯ ಜನ. ಅವರು ಸುಟ್ಟದ್ದು ಸರಕಾರಿ ಕಚೇರಿಗಳನ್ನು, ಅಲ್ಲಿದ್ದ ಕಾಗದಪತ್ರಗಳನ್ನು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಮುಂದೆ ಇನಾಮು ಕಮಿಷನ್ ಬಂತು. 1852ರ ಕಾಯ್ದೆಯ ಬಲದಿಂದ ಅದು ತಲೆಮಾರುಗಳ ಹಿಂದಿನ ಉಂಬಳಿಗಳಿಗೆ ದಾಖಲೆ ಕೇಳಿತು. ತೋರಿಸಲಾಗದವರ ಭೂಮಿಗೆ ಕಂದಾಯ ಹೇರಿತು. 1857ರ ಜುಲೈ 27ರಂದು ಬ್ರಿಟನ್ನಿನ ಕನ್ಸರ್ವೇಟಿವ್ ನಾಯಕ ಬೆಂಜಮಿನ್ ಡಿಸ್ರೇಲಿ ಸಂಸತ್ತಿನಲ್ಲಿ ಮಾತಾಡುತ್ತ, ಭಾರತದ ದಂಗೆಗೆ ಮೂರು ಕಾರಣ ಕೊಟ್ಟ: ದೇಶೀ ಸಂಸ್ಥಾನಗಳ ನಾಶ, ಆಸ್ತಿವ್ಯವಸ್ಥೆಯಲ್ಲಿ ಕೈಯಾಡಿಸಿದ್ದು, ಜನರ ಧರ್ಮದಲ್ಲಿ ತಲೆಹಾಕಿದ್ದು. ಒಂದು ವರ್ಷವೂ ಕಳೆದಿರಲಿಲ್ಲ, 1858ರ ಮೇ 29ರ ರಾತ್ರಿ ಇಂದಿನ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಹಿಂದೆ ಇನಾಮು ಕಮಿಷನ್ನಿನಲ್ಲಿ ಕೆಲಸ ಮಾಡಿದ್ದ ಅಧಿಕಾರಿ ಅವನು. ಕೊಂದವರು ನರಗುಂದ ಸಂಸ್ಥಾನದ ಒಡೆಯ ಬಾಬಾಸಾಹೇಬರ ಕಡೆಯವರು. ಬಾಬಾಸಾಹೇಬರಿಗೆ ದತ್ತು ತೆಗೆದುಕೊಳ್ಳಲು ಕಂಪನಿ ಅನುಮತಿ ಕೊಟ್ಟಿರಲಿಲ್ಲ. ಡಿಸ್ರೇಲಿ ಲಂಡನ್ನಿನಲ್ಲಿ ಎಣಿಸಿದ ಕಾರಣಗಳಲ್ಲಿ ಎರಡು ಸುರೇಬಾನದ ಒಂದೇ ರಾತ್ರಿಯಲ್ಲಿ ಕೂಡಿಕೊಂಡಿದ್ದವು. ಆಸ್ತಿಯ ಹಕ್ಕು ಎಂದರೆ ಉಳ್ಳವರ ಸ್ವಾರ್ಥ ಎಂದಷ್ಟೇ ತಿಳಿದವರು ಈ ಸೀಮೆಯ 19ನೇ ಶತಮಾನವನ್ನು ಅರ್ಥಮಾಡಿಕೊಳ್ಳಲಾರರು. ಬಲಾಢ್ಯ ಸರಕಾರದ ಎದುರು ಜನರ ಕೈಯಲ್ಲಿ ಉಳಿದಿದ್ದ ಗುರಾಣಿ ಅದೊಂದೇ.

ಕಾಯಕ, ದಾಸೋಹ, ಧರ್ಮಾದಾ

ವ್ಯಾಪಾರಕ್ಕೆ ನೀತಿಯ ಕಟ್ಟು ಹಾಕುವುದು ಇಲ್ಲಿ ಹೊಸದಲ್ಲ. ಸವದತ್ತಿಯಿಂದ ಆಳಿ ಆಮೇಲೆ ಬೆಳಗಾವಿಗೆ ರಾಜಧಾನಿಯನ್ನು ಸಾಗಿಸಿದ ರಟ್ಟರ ಕಾಲದ, 1204ರ ಬೆಳಗಾವಿಯ ಶಾಸನಗಳಲ್ಲಿ ಲಾಳ, ಮಲೆಯಾಳ ದೇಶಗಳವರೂ ಸೇರಿದಂತೆ ವರ್ತಕರ ಸಮೂಹಗಳು ಒಟ್ಟಾಗಿ ಬಸದಿಗೆ ತಮ್ಮ ಸರಕುಗಳ ಮೇಲೆ ಸುಂಕ ಬಿಟ್ಟುಕೊಟ್ಟ ವಿವರವಿದೆ. ಲಾಭದಲ್ಲಿ ಒಂದು ಪಾಲು ಮೊದಲೇ ಊರಿನ, ದೇವರ ಪಾಲೆಂದು ತೆಗೆದಿಡುವ ರೂಢಿಯಿದು.

ಅದಕ್ಕಿಂತ ಮೊದಲೇ, 12ನೇ ಶತಮಾನದ ಶರಣರು ಈ ರೂಢಿಗೆ ಆಳವಾದ ತಾತ್ವಿಕ ನೆಲೆ ಕೊಟ್ಟಿದ್ದರು. ಕಲ್ಯಾಣದ ಕ್ರಾಂತಿಯ ಬಳಿಕ ಶರಣರ ಒಂದು ಪಡೆ ಉಳವಿಯ ಕಡೆಗೆ ಹೊರಟದ್ದು ಇದೇ ದಾರಿಯಲ್ಲಿ ಎಂಬುದು ಇಲ್ಲಿನ ಪರಂಪರೆಯ ನೆನಪು. ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳ ಕಿತ್ತೂರಿನ ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಪಾತ್ರದಲ್ಲಿದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬರಲು ಕಳಿಸಿದ ಕಥೆ ಇಲ್ಲಿನ ಪುರಾಣ ಪ್ರವಚನಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹುಲ್ಲು ಹೊಸೆದು ಹಗ್ಗ ಮಾರುತ್ತಿದ್ದ ನುಲಿಯ ಚಂದಯ್ಯ ಲಿಂಗಕ್ಕೂ ಕಾಯಕದ ವಿನಾಯಿತಿ ಕೊಡಲಿಲ್ಲ. ಈ ಕಥೆಗಳಲ್ಲಿ ದುಡಿಮೆಗೂ ಗಳಿಕೆಗೂ ಗೌರವವಿದೆ, ಕೂಡಿಡುವುದಕ್ಕೆ ಮಾತ್ರ ಇಲ್ಲ. ಜರ್ಮನಿಯ ಮ್ಯಾಕ್ಸ್ ವೇಬರ್ ಪ್ರಾಟೆಸ್ಟಂಟರ ದುಡಿಮೆಯ ನೀತಿಗೂ ಬಂಡವಾಳಶಾಹಿಯ ಹುಟ್ಟಿಗೂ ನಂಟು ಕಲ್ಪಿಸಿದ ಮೇಲೆ, ಕಾಯಕವನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ಕನ್ನಡ ವಿದ್ವಾಂಸರಿಗೆ ಅಭ್ಯಾಸವಾಗಿದೆ. ಆ ಹೋಲಿಕೆ ಅರ್ಧ ದಾರಿಗಷ್ಟೇ ಬರುತ್ತದೆ. ವೇಬರ್ ಕಂಡ ವರ್ತಕ ಉಳಿಸಿದ್ದನ್ನು ಮತ್ತೆ ವ್ಯಾಪಾರದಲ್ಲಿ ತೊಡಗಿಸುತ್ತಾನೆ. ಶರಣ ಉಳಿದದ್ದನ್ನು ದಾಸೋಹಕ್ಕೆ ಸಲ್ಲಿಸುತ್ತಾನೆ. ಬಂಡವಾಳ ಬೆಳೆಯುವುದು ಮೊದಲನೆಯ ದಾರಿಯಲ್ಲಿ, ಸಮುದಾಯ ಬೆಳೆಯುವುದು ಎರಡನೆಯದರಲ್ಲಿ.

ಪೇಟೆಯಲ್ಲಿ ಈ ಆದರ್ಶ ಏನಾಯಿತು ಎಂಬುದಕ್ಕೆ ಧರ್ಮಾದಾ ಒಳ್ಳೆಯ ಸಾಕ್ಷಿ. ಆಗ ಈ ಸೀಮೆ ಸೇರಿದ್ದ ಮುಂಬಯಿ ಪ್ರಾಂತದ ಪೇಟೆಗಳಲ್ಲಿ ಪ್ರತಿ ವಹಿವಾಟಿನ ಮೇಲೆ ವರ್ತಕರು ಧರ್ಮಾದಾ ಎಂದು ಸಣ್ಣ ಮೊತ್ತವೊಂದನ್ನು ಹಿಡಿಯುತ್ತಿದ್ದರು. ಅದು ಗುಡಿ, ಗೋಶಾಲೆ, ಶಾಲೆ, ಅನ್ನಛತ್ರಗಳಿಗೆ ಹೋಗುವ ಹಣ. ಹೆಸರು ಬರುತ್ತಿದ್ದದ್ದು ಅಡತಿ ಅಂಗಡಿಯವರಿಗೆ. ಆದರೆ ಎಷ್ಟೋ ಕಡೆ ಅದು ಕಡಿತವಾಗುತ್ತಿದ್ದದ್ದು ಚೀಲ ಇಳಿಸಿದ ರೈತನ ಪಟ್ಟಿಯಿಂದ. ಕೊಡುವವನ ಒಪ್ಪಿಗೆಯಿಲ್ಲದೆ ಅವನ ಹೆಸರೂ ಇಲ್ಲದೆ ನಡೆಯುವ ದಾನಕ್ಕೆ ಧರ್ಮದ ಹೆಸರು ಒಪ್ಪುವುದಿಲ್ಲ. 1939ರ ಮುಂಬಯಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಪೇಟೆಯ ಮನಬಂದ ಕಡಿತಗಳಿಗೆ ಕಡಿವಾಣ ಹಾಕಲು ಹೊರಟಿತು. 1950ರ ಮುಂಬಯಿಯ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ ಧರ್ಮಾದಾ ಹಣವನ್ನು ಟ್ರಸ್ಟಿನ ಹಣವೆಂದೇ ಎಣಿಸಿ, ಅದರ ಲೆಕ್ಕ ಒಪ್ಪಿಸುವ ಹೊಣೆಯನ್ನು ವರ್ತಕರ ಮೇಲೆ ಹೊರಿಸಿತು. ಸಂಪ್ರದಾಯ ತಾನೇ ಕಟ್ಟಿಕೊಂಡ ನೀತಿಗೆ ಕಾನೂನಿನ ಲೆಕ್ಕಪುಸ್ತಕ ಬೇಕಾಯಿತು. ಹತ್ತಿಯ ಪೇಟೆಯಾಗಿ ಬೆಳೆದ ಬೈಲಹೊಂಗಲದಂಥ ಊರಿನಲ್ಲಿ ತೂಕ, ದಲಾಲಿ, ಕಡಿತಗಳ ಈ ಪ್ರಶ್ನೆ ಪುಸ್ತಕದ ಮಾತಲ್ಲ, ವಾರವಾರದ ಬದುಕು.

ಸಿರಸಂಗಿಯ ಮೃತ್ಯುಪತ್ರ

ಸವದತ್ತಿ ತಾಲ್ಲೂಕಿನ ಸಿರಸಂಗಿಯ ದೇಸಾಯಿ ಲಿಂಗರಾಜರ (1861–1906) ಬದುಕು ಈ ಇಡೀ ಚಿಂತನೆಯ ಅತ್ಯುನ್ನತ ಉದಾಹರಣೆ. ಅವರೂ ದತ್ತುಪುತ್ರರಾಗಿಯೇ ಸಂಸ್ಥಾನಕ್ಕೆ ಬಂದವರು. ದೇಸಗತಿಯ ವಾಡೆ, ಹೊಲಗಳ ಉತ್ಪನ್ನ, ಬ್ರಿಟಿಷ್ ಅಧಿಕಾರಿಗಳ ಮನ್ನಣೆ ಎಲ್ಲವೂ ಕೈಯಲ್ಲಿದ್ದವು. 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಸೇರಿದಾಗ ಅಧ್ಯಕ್ಷರಾದವರು ಅವರೇ. ಸಂತಾನವಿರಲಿಲ್ಲ. ಮತ್ತೊಂದು ದತ್ತು ತೆಗೆದುಕೊಂಡು ವಂಶ ಮುಂದುವರಿಸುವುದು ರೂಢಿಯ ದಾರಿ. ಲಿಂಗರಾಜರು ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ವಿದ್ಯಾರ್ಥಿಗಳ ಓದಿಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. 1906ರಲ್ಲಿ ಅವರು ತೀರಿಕೊಂಡ ಮೇಲೆ ಆ ಆಸ್ತಿ ನವಲಗುಂದ–ಸಿರಸಂಗಿ ಟ್ರಸ್ಟ್ ಆಯಿತು. ಅದರ ವಿದ್ಯಾರ್ಥಿವೇತನದಿಂದ ಹಳ್ಳಿಗಳ ಎಷ್ಟೋ ಹುಡುಗರು ಪುಣೆ, ಮುಂಬಯಿಗಳಿಗೆ ಓದಲು ಹೋದರು. ಅವರಲ್ಲಿ ಕೆಲವರು ಹೈಕೋರ್ಟಿನಲ್ಲಿ ನಿಂತರು, ಕೆಲವರು ವಿದೇಶಕ್ಕೂ ಹೋದರು. 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ ಕಟ್ಟಿದರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಅವರ ಸಂಸ್ಥೆ 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಬೈಲಹೊಂಗಲ ಸೀಮೆಯ ನಾಗನೂರು ಮಠ ಬೆಳಗಾವಿಯಲ್ಲಿ ನಡೆಸಿದ ಉಚಿತ ಪ್ರಸಾದನಿಲಯವೂ ಇದೇ ದಾಸೋಹದ ಇನ್ನೊಂದು ಕವಲು.

ಆಸ್ತಿಯನ್ನು ಕಾನೂನು ಕಿತ್ತುಕೊಳ್ಳುವ ಮೊದಲೇ ಒಡೆಯನೇ ಬಿಟ್ಟುಕೊಟ್ಟ ಈ ಘಟನೆ ಗಾಂಧೀಜಿ ಮುಂದೆ ಬೋಧಿಸಿದ ಧರ್ಮದರ್ಶಿತ್ವಕ್ಕಿಂತ, ಅಂದರೆ ಸಿರಿವಂತ ತನ್ನ ಸಂಪತ್ತಿನ ಟ್ರಸ್ಟಿಯಷ್ಟೇ ಎಂಬ ತತ್ವಕ್ಕಿಂತ, ಹಿಂದಿನದು. ಗಾಂಧೀಜಿ 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕಾಗಿ ಇದೇ ಜಿಲ್ಲೆಯ ಹುದಲಿಗೆ ಬಂದಿದ್ದರು. ಅವರನ್ನು ಕರೆಸಿದ ಗಂಗಾಧರರಾವ್ ದೇಶಪಾಂಡೆ ಸ್ವತಃ ವತನದಾರ ಮನೆತನದವರು, ಖಾದಿಗೆ ಬದುಕನ್ನೇ ತೆತ್ತವರು. ಲಿಂಗರಾಜ, ಗಂಗಾಧರರಾವ್ ಅವರಂಥವರನ್ನು ಕಂಡ ಸೀಮೆಗೆ ಧನಿಕನ ಮನಸ್ಸು ಬದಲಾಗಬಲ್ಲದು ಎಂಬ ನಂಬಿಕೆ ಬರಿಯ ಕನಸೆನಿಸಲಿಲ್ಲ.

ಆದರೂ ಈ ದಾನದ ಒಂದು ಮಿತಿಯನ್ನು ಮುಚ್ಚಿಡಬಾರದು. ಟ್ರಸ್ಟಿನ ಫಲ ಒಂದು ಸಮುದಾಯದ ಮಕ್ಕಳಿಗೆ ಮೀಸಲಾಯಿತು. ಆ ಹೊಲಗಳಲ್ಲಿ ಪಾಲಿಗೆ ದುಡಿದವರು, ವಾಡೆಯ ಚಾಕರಿ ಮಾಡಿದವರು ಎಲ್ಲರೂ ಲಿಂಗಾಯತರಾಗಿರಲಿಲ್ಲ. ಅವರ ಬೆವರೂ ಆ ವಿದ್ಯಾರ್ಥಿವೇತನದಲ್ಲಿತ್ತು. ದಾನಿಯ ಕರುಣೆ ಎಷ್ಟು ದೊಡ್ಡದಾದರೂ ಯಾರಿಗೆ ಕೊಡಬೇಕೆಂದು ಆರಿಸುವ ಅಧಿಕಾರ ಅವನಲ್ಲೇ ಉಳಿಯುತ್ತದೆ. ದಾಸೋಹದ ಅರ್ಥವ್ಯವಸ್ಥೆ ಹಕ್ಕಿನ ಜಾಗವನ್ನು ಪೂರ್ತಿ ತುಂಬಲಾರದೇ ಹೋದದ್ದು ಇಲ್ಲಿ.

ಪರ್ಮಿಟ್ ರಾಜ್ಯ, ಭೂಮಿ, ಕಬ್ಬು

ಸ್ವಾತಂತ್ರ್ಯದ ನಂತರ ದೇಸಗತಿಯ ಕಾಲ ಮುಗಿಯಿತು. ಮುಂಬಯಿ ಸರಕಾರದ 1948ರ ಗೇಣಿ ಕಾಯ್ದೆ, 1950ರ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ, 1952ರ ವೈಯಕ್ತಿಕ ಇನಾಮು ರದ್ದತಿ ಒಂದರ ಹಿಂದೊಂದು ಬಂದವು. 1959ರ ಜನವರಿಯಲ್ಲಿ ಕಾಂಗ್ರೆಸ್ಸಿನ ನಾಗಪುರ ಅಧಿವೇಶನ ಸಹಕಾರಿ ಬೇಸಾಯದ ಠರಾವು ಮಾಡಿದಾಗ, ಹೊಲ ಕೈತಪ್ಪುತ್ತದೆಂಬ ಭೀತಿ ರೈತರಲ್ಲೂ ಹಬ್ಬಿತು. ಅದೇ ವರ್ಷ ರಾಜಾಜಿ, ಎನ್.ಜಿ. ರಂಗಾ, ಮೀನೂ ಮಸಾನಿ ಸ್ವತಂತ್ರ ಪಕ್ಷ ಕಟ್ಟಿದರು. ಪರ್ಮಿಟ್, ಲೈಸೆನ್ಸ್, ಕೋಟಾಗಳ ರಾಜ್ಯ ಎಂದು ರಾಜಾಜಿ ಆ ಕಾಲದ ಆಡಳಿತವನ್ನು ಜರೆದರು. ಮಾರುಕಟ್ಟೆಗೆ ಬಿಡುವು, ಉಳ್ಳವರಿಗೆ ಧರ್ಮದ ಕಟ್ಟು ಎಂಬುದು ಅವರ ಸೂತ್ರ. ಅಷ್ಟರಲ್ಲಿ ಈ ಸೀಮೆಯೂ ಸೇರಿದ್ದ ಮೈಸೂರು ರಾಜ್ಯದ ವಿಧಾನಸಭೆಯಲ್ಲಿ ಪಕ್ಷಕ್ಕೆ 1962ರಲ್ಲಿ 9, 1967ರಲ್ಲಿ 16 ಸ್ಥಾನ ಸಿಕ್ಕವು; 1967ರ ಲೋಕಸಭೆಗೆ ರಾಜ್ಯದಿಂದ ಅದರ ಐವರು ಹೋದರು, ಚಿತ್ರದುರ್ಗದ ಜೆ. ಮೊಹಮದ್ ಇಮಾಮ್ ಅವರಲ್ಲೊಬ್ಬರು. 1974ರಲ್ಲಿ ಪಕ್ಷ ಭಾರತೀಯ ಲೋಕದಳದಲ್ಲಿ ಕರಗಿತು. ಜನಸಂಘದ ದೀನದಯಾಳ್ ಉಪಾಧ್ಯಾಯರು 1965ರಲ್ಲಿ ಮುಂಬಯಿಯಲ್ಲಿ ಕೊಟ್ಟ ಉಪನ್ಯಾಸಗಳು ಬೇರೆ ದಾರಿ ಹಿಡಿದವು. ಅವರಿಗೆ ಬಂಡವಾಳಶಾಹಿಯೂ ಸಮಾಜವಾದವೂ ಮನುಷ್ಯನನ್ನು ಬರಿಯ ಹೊಟ್ಟೆಯಾಗಿ ಕಂಡ ಪಂಥಗಳು. ಒಂದೇ ಬಣವೆಂದು ಹೊರಗಿನವರು ಎಣಿಸುವ ಸಂಪ್ರದಾಯಶೀಲರಲ್ಲಿ ಮಾರುಕಟ್ಟೆಯ ವಿಷಯದಲ್ಲಿ ಅಂದೇ ಬಿರುಕಿತ್ತು, ಇಂದೂ ಇದೆ.

ದೇವರಾಜ ಅರಸು ಸರಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿತು. ಹಾಗೆ ಒಡೆಯನಾದ ರೈತ ಕೆಲವೇ ವರ್ಷಗಳಲ್ಲಿ ಆಸ್ತಿಯ ರಕ್ಷಣೆಗೆ ಬೀದಿಗಿಳಿದ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಕಟ್ಟಿದ ಮಲಪ್ರಭಾ ಅಣೆಕಟ್ಟಿನ ಅಚ್ಚುಕಟ್ಟಿನಲ್ಲಿ, ನೀರು ಸರಿಯಾಗಿ ತಲುಪುವ ಮೊದಲೇ ಸರಕಾರ ಅಭಿವೃದ್ಧಿ ಕರ ಕೇಳಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ನಡೆದು ರೈತರು ಸತ್ತರು. ಅಲ್ಲಿಂದ ಹುಟ್ಟಿದ ರೈತ ಚಳವಳಿಯನ್ನು ಎಡಪಂಥದ ಹೋರಾಟವೆಂದೇ ವರ್ಣಿಸುವುದು ರೂಢಿ. ಅದರ ಬೇಡಿಕೆಯ ಒಂದು ಎಳೆ ಮಾತ್ರ ರಾಯಣ್ಣನ ಕಾಲದಷ್ಟೇ ಹಳೆಯದು: ನನ್ನ ಹೊಲಕ್ಕೆ ಕೈಯಿಡುವ ಮುಂಚೆ ನನ್ನನ್ನು ಕೇಳು. 2020ರಲ್ಲಿ ರಾಜ್ಯ ಸರಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು ಕೃಷಿಕರಲ್ಲದವರೂ ಹೊಲ ಕೊಳ್ಳಬಹುದೆಂದಾಗ ಸಂಪ್ರದಾಯಶೀಲರ ನಡುವಿನ ಆ ಹಳೆಯ ಬಿರುಕು ಬಯಲಿಗೆ ಬಂತು. ಆಸ್ತಿಯನ್ನು ಇಷ್ಟಬಂದವರಿಗೆ ಮಾರುವ ಸ್ವಾತಂತ್ರ್ಯ ಒಂದು ಮೌಲ್ಯ. ಭೂಮಿ ಮನೆತನದ ಕೈಯಲ್ಲಿ, ಬೇಸಾಯದಲ್ಲೇ ಉಳಿಯಬೇಕೆಂಬುದು ಇನ್ನೊಂದು ಮೌಲ್ಯ. ಎರಡೂ ಸಂಪ್ರದಾಯಶೀಲರವೇ.

ಕಬ್ಬಿನಲ್ಲಿ ನೀತಿಯ ಪ್ರಶ್ನೆ ಇನ್ನೂ ನೇರ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಆರಂಭಿಸಿದ ಸಹಕಾರಿ ಸಂಘದ ಪರಂಪರೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯವರೆಗೆ ಬಂದಿದೆ. ಖಾಸಗಿ ಕಾರ್ಖಾನೆಗಳೂ ಜಿಲ್ಲೆಯ ತುಂಬ ಇವೆ. ಕಬ್ಬು ಬಂದ 14 ದಿನಗಳಲ್ಲಿ ಹಣ ಸಲ್ಲಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ ರೈತರು ಹೆದ್ದಾರಿ ತಡೆಯುವುದು ಬೆಳಗಾವಿ ಜಿಲ್ಲೆಯಲ್ಲಿ ಹಂಗಾಮಿನ ಭಾಗವೇ ಆಗಿದೆ. ಕೊಟ್ಟ ಮಾತು, ಮಾಡಿದ ಕರಾರು ಉಳಿಸಿಕೊಳ್ಳಬೇಕೆಂಬುದು ಮಾರುಕಟ್ಟೆಯ ಮೊದಲ ನೀತಿ. ಆ ನೀತಿಯನ್ನು ಮುರಿಯುವ ಸಿರಿವಂತನ ಪರವಾಗಿ ಸಂಪ್ರದಾಯದ ಹೆಸರಿನಲ್ಲಿ ಯಾರೂ ಮಾತಾಡುವಂತಿಲ್ಲ.

ಮತ

ಹೊಣೆಯಿರುವವನಿಗೇ ಹಕ್ಕು ಎಂಬ ಷರತ್ತು ಮತದ ವಿಷಯಕ್ಕೆ ಬಂದಾಗ ಹೊಣೆಯನ್ನು ಕಂದಾಯದ ರೂಪಾಯಿಯಲ್ಲಿ ಅಳೆಯಲಾಯಿತು. 1919ರ ಸುಧಾರಣೆಯ ಪ್ರಕಾರ ಮುಂಬಯಿ ಪ್ರಾಂತದ ಬಹುಪಾಲು ಹಳ್ಳಿಗಳಲ್ಲಿ 32 ರೂಪಾಯಿ ಆಕಾರದ ಭೂಮಿ ಉಳ್ಳವನು ಮತದಾರ. ದಖ್ಖನದ ಸರದಾರರಿಗೆ, ಇನಾಮುದಾರರಿಗೆ ಪ್ರತ್ಯೇಕ ಸ್ಥಾನವೂ ಇತ್ತು. 1935ರ ಕಾಯ್ದೆ ಆ ಮೊತ್ತವನ್ನು 8 ರೂಪಾಯಿಗೆ ಇಳಿಸಿತು, ಓದಿನ ಅರ್ಹತೆಯುಳ್ಳವರನ್ನೂ ಸೇರಿಸಿತು. ಆದರೂ ಬ್ರಿಟಿಷ್ ಭಾರತದ ಜನಸಂಖ್ಯೆಯ ಸುಮಾರು 14 ಪ್ರತಿಶತಕ್ಕಷ್ಟೇ ಮತ ದಕ್ಕಿತು. ಪರಸಗಡ, ಸಂಪಗಾವಿ ತಾಲ್ಲೂಕುಗಳೆಂದು ಆಗ ಕರೆಸಿಕೊಳ್ಳುತ್ತಿದ್ದ ಸವದತ್ತಿ, ಬೈಲಹೊಂಗಲಗಳ ಕೂಲಿಯವನಿಗೂ ಗೇಣಿದಾರನಿಗೂ ಆ ಪಟ್ಟಿಯಲ್ಲಿ ಜಾಗ ಸಿಗುವುದು ಅಪರೂಪ. ಅಂಬೇಡ್ಕರರು 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಕ ಮತದಾನವನ್ನೇ ಕೇಳಿದರು. ಕಾನೂನಿನ ಏಟು ಬೀಳುವುದು ಬಡವನ ಮೇಲೆ. ಕಾನೂನು ಮಾಡುವವನನ್ನು ಆರಿಸಲು ಅವನಿಗೆ ಬೇರೆ ಯಾವ ಅರ್ಹತೆಯೂ ಬೇಕಿಲ್ಲ. ಸಂಪ್ರದಾಯಶೀಲ ವಾದ ಇಲ್ಲಿ ನ್ಯಾಯವಾಗಿಯೇ ಸೋತಿತು.

ಸೋತ ಮೇಲೆ ಅದು ಬದಲಾಯಿತೆಂಬುದೂ ಇತಿಹಾಸ. ಬ್ರಿಟನ್ನಿನಲ್ಲಿ 1867ರಲ್ಲಿ ನಗರದ ಕಾರ್ಮಿಕರಿಗೆ ಮತ ತಂದ ಕಾಯ್ದೆ ಡಿಸ್ರೇಲಿಯದು. 1928ರಲ್ಲಿ ಹೆಂಗಸರಿಗೆ ಸಮಾನ ಮತ ಕೊಟ್ಟದ್ದೂ ಕನ್ಸರ್ವೇಟಿವ್ ಸರಕಾರವೇ. ನಮ್ಮ ಸಂವಿಧಾನ ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದರು 1949ರ ನವೆಂಬರ್ 26ರ ಭಾಷಣದಲ್ಲಿ ವಯಸ್ಕ ಮತದಾನವನ್ನು ಒಪ್ಪಿದರು. ಶಾಸಕರಾಗುವವರಿಗೆ ಯಾವ ಅರ್ಹತೆಯನ್ನೂ ಗೊತ್ತುಮಾಡಲಾಗಲಿಲ್ಲವಲ್ಲ ಎಂದು ವಿಷಾದವನ್ನೂ ತೋಡಿಕೊಂಡರು. ಷರತ್ತು ಮತದಾರನಿಂದ ಅಭ್ಯರ್ಥಿಯ ಕಡೆಗೆ ಸರಿದದ್ದು ಹೀಗೆ. ಪಂಚಾಯಿತಿ ಅಭ್ಯರ್ಥಿಗಳಿಗೆ ವಿದ್ಯಾರ್ಹತೆ ಗೊತ್ತುಪಡಿಸಿದ ಹರಿಯಾಣದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿದಾಗ ಅದೇ ವಾದ ಮರುಜೀವ ಪಡೆಯಿತು.

ಹಳ್ಳಿಗಳಲ್ಲಿ ಇದರ ಇನ್ನೊಂದು ರೂಪ ಅವಿರೋಧ ಆಯ್ಕೆ. ಜಗಳ ಬೇಡ, ಖರ್ಚು ಬೇಡ, ದೈವದವರು, ಅಂದರೆ ಊರ ಹಿರಿಯರು, ಕೂತು ಹೇಳಿದವರೇ ಸದಸ್ಯರಾಗಲಿ ಎಂಬ ಒತ್ತಾಯಕ್ಕೆ ಊರೊಟ್ಟಿನ ಹಂಬಲವೇ ಮೂಲ. ಅದನ್ನು ಹಗುರಾಗಿ ನೋಡಬಾರದು. ಆದರೆ ದೈವದ ಕಟ್ಟೆಯ ಮೇಲೆ ಕೂರಲು ಯಾರಿಗೆ ಜಾಗವಿತ್ತು, ಯಾರು ಕೆಳಗೆ ನಿಂತಿರಬೇಕಿತ್ತು ಎಂಬುದನ್ನೂ ಕೇಳಬೇಕಾಗುತ್ತದೆ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಕೆಲವೆಡೆ ಸ್ಥಾನಗಳನ್ನೇ ಹರಾಜು ಹಾಕಿ ಬಂದ ಹಣವನ್ನು ಗುಡಿಗೆ ಕೊಟ್ಟ ವರದಿಗಳು ಬಂದವು. ಒಮ್ಮತದ ಹೆಸರಿನಲ್ಲಿ ಮತವೇ ಮಾರಾಟದ ಸರಕಾಯಿತು.

ಮಾತು

1916ರ ಏಪ್ರಿಲ್ ಕೊನೆಯಲ್ಲಿ ಬೆಳಗಾವಿಯ ಪ್ರಾಂತಿಕ ಸಮ್ಮೇಳನದಲ್ಲಿ ಲೋಕಮಾನ್ಯ ತಿಲಕರು ಹೋಮ್ ರೂಲ್ ಲೀಗ್ ಸ್ಥಾಪಿಸಿದರು. ಮೇ 1ರಂದು ಅವರು ಅಲ್ಲಿ ಮಾಡಿದ ಭಾಷಣ, ಅಹಮದನಗರದ ಭಾಷಣಗಳು ರಾಜದ್ರೋಹವೆಂದು ಸರಕಾರ ಜಾಮೀನು ಮುಚ್ಚಳಿಕೆ ಕೇಳಿತು. ನವೆಂಬರಿನಲ್ಲಿ ಮುಂಬಯಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ತಿಲಕರ ಪರ ವಾದಿಸಿದವರು ಜಿನ್ನಾ. ಸಮ್ಮತಿ ವಯಸ್ಸಿನ ಕಾಯ್ದೆಯಂಥ ಸಾಮಾಜಿಕ ಸುಧಾರಣೆಗಳನ್ನು ಸರಕಾರದ ಮೂಲಕ ತರುವುದನ್ನು ವಿರೋಧಿಸಿದ್ದ ತಿಲಕರು ರಾಜಕೀಯ ಮಾತಿನ ಸ್ವಾತಂತ್ರ್ಯಕ್ಕೆ ಸೆರೆಮನೆಯನ್ನೇ ಕಂಡವರು. ಸಂಪ್ರದಾಯವನ್ನು ಕಾಯುವುದು, ಮಾತಿನ ಹಕ್ಕನ್ನು ಕಾಯುವುದು ಒಂದೇ ಎದೆಯಲ್ಲಿ ಇರಬಲ್ಲವೆಂಬುದಕ್ಕೆ ಅವರು ನಿದರ್ಶನ.

ಬ್ರಿಟಿಷ್ ಭಾರತದ ಹೊರಗಿದ್ದ ರಾಮದುರ್ಗ ಸಂಸ್ಥಾನದಲ್ಲಿ ಪರಿಸ್ಥಿತಿ ಬೇರೆ. ಭಾವೆ ಮನೆತನದ ಆಳ್ವಿಕೆಯ ಆ ಪುಟ್ಟ ಸಂಸ್ಥಾನದಲ್ಲಿ ಪ್ರಜಾಸಂಘ ತೆರಿಗೆ ಇಳಿಸಬೇಕೆಂದೂ ಜವಾಬ್ದಾರಿ ಸರಕಾರ ಬೇಕೆಂದೂ ಕೇಳಿತು. ದೊರೆ ತಂದೆ, ಪ್ರಜೆ ಮಕ್ಕಳು ಎಂಬ ಹಳೆಯ ಭಾವದಲ್ಲಿ ದೂರು ಹೇಳಲು ಎಡೆಯುಂಟು, ಹಕ್ಕು ಕೇಳಲು ಇಲ್ಲ. ಬಂಧನಗಳಾದವು. 1939ರ ಏಪ್ರಿಲ್ 7ರಂದು ಉದ್ರಿಕ್ತ ಗುಂಪು ಸೆರೆಮನೆಗೆ ನುಗ್ಗಿತು, ಪೊಲೀಸರು ಹತರಾದರು. ಗಾಂಧೀಜಿ ಈ ಹಿಂಸೆಯನ್ನು ಬಹಿರಂಗವಾಗಿ ಖಂಡಿಸಿದರು. 1948ರ ಮಾರ್ಚ್‌ನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮಾತಿಗೆ ಬಾಗಿಲು ಮುಚ್ಚಿದಾಗ ಸಿಟ್ಟು ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ರಾಮದುರ್ಗ ತೋರಿಸಿತು. ಹಿಂಸೆಗೆ ಅದು ಸಮರ್ಥನೆಯಲ್ಲ.

ಸಂವಿಧಾನದ ಇತಿಹಾಸದಲ್ಲಿ ಆಸ್ತಿ ಮತ್ತು ಮಾತು ಎರಡು ಬಾರಿ ಒಂದೇ ತಿದ್ದುಪಡಿಯೊಳಗೆ ಬಂದವು. 1951ರ ಮೊದಲ ತಿದ್ದುಪಡಿ ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳನ್ನು ಹಿಗ್ಗಿಸಿತು. ಭೂಸುಧಾರಣೆಯ ಕಾನೂನುಗಳನ್ನು ಕೋರ್ಟಿನಾಚೆಗೆ ಇಡುವ ಒಂಬತ್ತನೆಯ ಅನುಸೂಚಿಯನ್ನೂ ತಂದಿತು. ಅದಕ್ಕೆ ನೆಪವಾದ ಪತ್ರಿಕಾ ಮೊಕದ್ದಮೆಗಳಲ್ಲಿ ಒಂದು ಎಡಪಂಥದ ‘ಕ್ರಾಸ್ ರೋಡ್ಸ್’, ಇನ್ನೊಂದು ಬಲಪಂಥದ ‘ಆರ್ಗನೈಸರ್’. ಶ್ಯಾಮಪ್ರಸಾದ ಮುಖರ್ಜಿ ಸಂಸತ್ತಿನಲ್ಲಿ ತಿದ್ದುಪಡಿಯನ್ನು ಕಟುವಾಗಿ ವಿರೋಧಿಸಿದರು. ಆಗ ಗೃಹಮಂತ್ರಿಯಾಗಿದ್ದ ರಾಜಾಜಿ ಸರಕಾರದ ಪಕ್ಷದಲ್ಲಿದ್ದರು. ಎಂಟು ವರ್ಷಗಳ ಬಳಿಕ ಸ್ವಾತಂತ್ರ್ಯದ ಹೆಸರಿನಲ್ಲೇ ಪಕ್ಷ ಕಟ್ಟಿದರು. 1975ರ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿ ಕಟ್ಟಿದಾಗ ಜೈಲು ಸೇರಿದವರಲ್ಲಿ ಜನಸಂಘದವರು ದೊಡ್ಡ ಸಂಖ್ಯೆಯಲ್ಲಿದ್ದರು, ನರಗುಂದದ ಜಗನ್ನಾಥರಾವ್ ಜೋಶಿಯವರೂ ಸೇರಿ. 1978ರ 44ನೆಯ ತಿದ್ದುಪಡಿ ಸದನದ ಕಲಾಪಗಳ ಪ್ರಾಮಾಣಿಕ ವರದಿಗೆ ಸಂವಿಧಾನದ ರಕ್ಷಣೆ ಕೊಟ್ಟಿತು. ಅದೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದುಹಾಕಿತು. ಅದನ್ನು ಮಾಡಿದ ಜನತಾ ಸರಕಾರದಲ್ಲಿ ಜನಸಂಘದವರೂ ಸ್ವತಂತ್ರ ಪಕ್ಷದಿಂದ ಬಂದವರೂ ಇದ್ದರು. ಜೈಲಿನ ಅನುಭವ ಅವರಿಗೆ ಹೊಲಕ್ಕಿಂತ ಮಾತು ದೊಡ್ಡದೆಂದು ಕಲಿಸಿತ್ತು.

ಆ ಪಾಠ ಉಳಿಯಲಿಲ್ಲ ಎಂಬುದನ್ನು ನೋವಿನಿಂದಲೇ ಬರೆಯಬೇಕಾಗಿದೆ. ಕರ್ನಾಟಕದಲ್ಲಿ ಮಾತಿನ ಮೇಲಿನ ದೊಡ್ಡ ತಗಾದೆಗಳು ಎದ್ದದ್ದು ಬಸವಣ್ಣನವರ ಸುತ್ತಲೇ; ಧಾರವಾಡ, ಬೆಳಗಾವಿ ಸೀಮೆಯ ಭಕ್ತರ ಮನೆಮನೆಗೂ ಅವು ಮುಟ್ಟಿದವು. 1989ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರು ‘ಮಾರ್ಗ’ ಸಂಪುಟದಲ್ಲಿ ಚನ್ನಬಸವಣ್ಣನವರ ಜನನದ ಬಗ್ಗೆ ಬರೆದ ಸಂಶೋಧನೆಗೆ ಮಠಗಳ ಕಡೆಯಿಂದ ಭಾರೀ ವಿರೋಧ ಬಂದು, ಅವರು ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಗೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತ್ತು. ಬಸವಣ್ಣನವರ ಅಕ್ಕ ನಾಗಲಾಂಬಿಕೆ ಕುರಿತ ಭಾಗಗಳಿಗೆ ಆಕ್ಷೇಪಣೆ ಬಂದು ಸರಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ ವಚನಗಳ ಅಂಕಿತವನ್ನು ಕೂಡಲಸಂಗಮದೇವದ ಬದಲು ಲಿಂಗದೇವ ಎಂದು ಮಾಡಿತ್ತು. 1998ರಲ್ಲಿ ಸರಕಾರ ಅದನ್ನೂ ಮುಟ್ಟುಗೋಲು ಹಾಕಿತು, 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಒಪ್ಪಿತು.

ನಿರ್ಬಂಧದ ಪರವಾದ ವಾದ ತಳ್ಳಿಹಾಕುವಂಥದ್ದಲ್ಲ. ಪೂಜ್ಯರೆಂದು ಮನೆಯ ಜಗಲಿಯಲ್ಲಿಟ್ಟವರ ಬಗ್ಗೆ ಹಗುರಾದ ಮಾತು ಬಂದರೆ ಭಕ್ತನಿಗೆ ಆಗುವ ನೋವು ನಿಜ. ನೂರಾರು ವರ್ಷ ಕಂಠದಿಂದ ಕಂಠಕ್ಕೆ ಬಂದ ವಚನದ ಅಂಕಿತವನ್ನು ಬದಲಿಸುವ ಹಕ್ಕು ಒಬ್ಬ ಸಂಪಾದಕರಿಗಿಲ್ಲ ಎಂಬ ಮಾತಿನಲ್ಲಿ ಪಠ್ಯದ ಮೇಲಿನ ನಿಷ್ಠೆಯಿದೆ. ಈ ಲೇಖಕನ ಅಭಿಪ್ರಾಯವೂ ಅದೇ. ಆದರೆ ಆ ತಪ್ಪನ್ನು ತಿದ್ದಬೇಕಾದವರು ವಿದ್ವಾಂಸರು, ಭಕ್ತರು, ಓದುಗರು. ಪೊಲೀಸರ ಕೈಗೆ ಪುಸ್ತಕ ಒಪ್ಪಿಸಿದವರು ಇನಾಮು ಕಮಿಷನ್ನಿನಂಥದೇ ಅಧಿಕಾರವನ್ನು ಮನೆಗೆ ಕರೆದುಕೊಂಡರು. ಮಗ್ಗಕ್ಕೆ, ಗಿರಣಿಗೆ, ಹೊಲಕ್ಕೆ ಸರಕಾರದ ಪರವಾನಗಿ ಬೇಡವೆಂದ ಪರಂಪರೆ ವಚನದ ಓದಿಗೆ ಪರವಾನಗಿ ಬೇಡುವುದು ತನ್ನ ಬೇರನ್ನು ತಾನೇ ಕಡಿದುಕೊಂಡಂತೆ.

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯ ಬಾಗಿಲಲ್ಲಿ ಕಲಬುರ್ಗಿ ಅವರನ್ನು ಗುಂಡಿಕ್ಕಿ ಕೊಂದರು. ಆ ಕೊಲೆಗೂ ಮುಟ್ಟುಗೋಲಿನ ಆದೇಶಗಳಿಗೂ ಸಂಬಂಧ ಕಟ್ಟುವುದು ತಪ್ಪು. ಮಠಗಳಲ್ಲಿ ಅವರ ವಿಚಾರಗಳನ್ನು ಒಪ್ಪದ ಎಷ್ಟೋ ಸ್ವಾಮಿಗಳು ಆ ಹತ್ಯೆಯನ್ನು ಖಂಡಿಸಿದರು. ಆದರೆ ಈ ಮೂರು ಪ್ರಕರಣಗಳ ಮೂವರನ್ನೂ ಒಟ್ಟಿಗೆ ನೆನೆಯಬೇಕು. ಕಲಬುರ್ಗಿ ರಾಜ್ಯ ಸರಕಾರ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯದ ಪ್ರಧಾನ ಸಂಪಾದಕರು. ನಾರಾಯಣ ಶರಣರ ಕಾಲವನ್ನೇ ಅಧ್ಯಯನದ ವಸ್ತುವಾಗಿಸಿಕೊಂಡ ಪ್ರಾಧ್ಯಾಪಕರು. ಮಾತೆ ಮಹಾದೇವಿ ಕೂಡಲಸಂಗಮದ ಬಸವ ಧರ್ಮ ಪೀಠದ ಜಗದ್ಗುರುವಾಗಿ, ಬಸವಣ್ಣನವರನ್ನೇ ಧರ್ಮಗುರುವೆಂದು ಊರೂರಿಗೆ ಸಾರಿದವರು. ಬಾಯಿ ಮುಚ್ಚಿಸಿಕೊಂಡ ಮೂವರೂ ಹೊರಗಿನವರಲ್ಲ; ಕಾಯಬೇಕೆಂದು ಹೊರಟ ಆ ಪರಂಪರೆಯೊಳಗೇ ಬದುಕು ಸವೆಸಿದವರು.